ದಿನಕ್ಕೊಂದು ರೀಲ್ಸ್, ಸೀಸನ್ ಶೂಟಿಂಗ್, ವಾಟ್ಸಾಪ್ ಪಟ್ಟಿ: ಕಾಫಿಪುಡಿ ಅಂಗಡಿಗೆ ಯಾವುದು ಸರಿ?

ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿಪುಡಿ, ಕರಿಮೆಣಸು, ಕಾಚಂಪುಳಿ (ನಮ್ಮ ಕಡೆಯ ಅಡುಗೆಗೆ ಹಾಕುವ ಕಪ್ಪು ಹುಳಿರಸ) ಮಾರುವ ಸಣ್ಣ ಅಂಗಡಿ ನಮ್ಮದು. ಹುರಿಯೋದು, ಪುಡಿ ಮಾಡೋದು, ಪ್ಯಾಕ್ ಮಾಡೋದು ಎಲ್ಲ ಮನೆಯವರೇ. 'ಆನ್‌ಲೈನ್‌ನಲ್ಲಿ ಏನಾದ್ರೂ ಹಾಕ್ತಾ ಇರಿ' ಅಂತ ಬಂದವರೆಲ್ಲ ಹೇಳುತ್ತಾರೆ. ಹಾಕೋಣ, ಆದರೆ ಯಾರು, ಯಾವಾಗ?

ಮೊದಲು ದಿನಾ ಇನ್‌ಸ್ಟಾಗ್ರಾಂ ರೀಲ್ಸ್ ಹಾಕಿ ನೋಡಿದೆ. ಜನ ನೋಡುವುದು ನಿಜ. ರೋಸ್ಟರ್‌ನಿಂದ ಬಿಸಿ ಬೀಜ ಹೊಗೆಯಾಡುತ್ತಾ ಸುರಿಯುವ ವಿಡಿಯೊಗೆ ಒಳ್ಳೆ ವ್ಯೂಸ್ ಬಂತು. ಕೆಳಗೆ ಬಂದ ಪ್ರಶ್ನೆಗಳು ಮಾತ್ರ 'ಇದು ಎಲ್ಲಿ? ರೂಮ್ ಸಿಗುತ್ತಾ?' ಅಂತ. ಪುಡಿ ಕೇಳಿದವರು ತೀರಾ ಕಡಿಮೆ. ಅದೂ ಅಲ್ಲದೆ, ಬೀಜ ಚಟಪಟ ಅನ್ನಲು ಶುರುವಾದ ಮೇಲೆ ಕಣ್ಣು ಅತ್ತಿತ್ತ ಹೋಗುವಂತಿಲ್ಲ, ಬಣ್ಣ ಬೇಗ ತಿರುಗುತ್ತದೆ. ಆಗ ಕೈಯಲ್ಲಿ ಫೋನ್ ಹಿಡಿದು ಕೂರೋದು ಹೇಗೆ? ಹೋಂಸ್ಟೇ ಇರುವವರಿಗೆ ರೀಲ್ಸ್ ಲಾಭ, ಅವರು ಮಾರುವುದೇ ನೋಟವನ್ನು.

ದುಡ್ಡು ಕೊಟ್ಟು ಹೊರಗಿನವರಿಂದಲೂ ಮಾಡಿಸಿದೆ. ಅವರು ಕಳಿಸಿದ ಪೋಸ್ಟರ್‌ನಲ್ಲಿ ನಮ್ಮ ಪ್ಯಾಕೆಟ್ ಹಿಂದೆ ಚಹಾ ತೋಟ ಇತ್ತು. ಅಲ್ಲಿಗೇ ನಿಲ್ಲಿಸಿದೆ.

ಸೀಸನ್‌ನಲ್ಲಿ ಒಟ್ಟಿಗೆ ಶೂಟ್ ಮಾಡಿಟ್ಟುಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕುವ ಪದ್ಧತಿ ಕೊಡಗಿಗೆ ಹೇಳಿ ಮಾಡಿಸಿದಂತಿದೆ. ನಮ್ಮಲ್ಲಿ ಏನು ಯಾವಾಗ ಅನ್ನೋದು ಮೊದಲೇ ಹೆಚ್ಚುಕಡಿಮೆ ಗೊತ್ತಿರುತ್ತದೆ ಅಲ್ವಾ? ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂ ಮಳೆ ಬಿದ್ದರೆ, ಇಲ್ಲ ಸ್ಪ್ರಿಂಕ್ಲರ್ ಹಾಕಿದರೆ, ಎಂಟು-ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟ ಬೆಳ್ಳಗಾಗುತ್ತದೆ. ಆ ಬಿಳುಪು ಮೂರ್ನಾಲ್ಕು ದಿನ, ಅಷ್ಟೇ. ಹಾಗಾಗಿ ಮಳೆ ಬಿದ್ದ ದಿನವೇ ಶೂಟಿಂಗ್ ದಿನ ಗುರುತು ಹಾಕಬಹುದು. ಡಿಸೆಂಬರ್‌ನಿಂದ ಕೊಯ್ಲು, ಕಣದಲ್ಲಿ ಹರಡಿದ ಚೆರ್ರಿ (ಕಾಫಿ ಹಣ್ಣು) ತಿರುವಿ ಹಾಕುವುದು, ಆಮೇಲೆ ಮೆಣಸು ಬಿಡಿಸುವುದು. ಫೋನ್ ಅಲುಗಾಡಿಸದೆ ಹತ್ತು-ಹದಿನೈದು ಸೆಕೆಂಡಿನ ತುಣುಕು ತೆಗೆದಿಟ್ಟರೆ ಸಾಕು. ಮಾತು, ಹಾಡು ಬೇಡ. ಗೆರಸಿಯಲ್ಲಿ ಮೆಣಸು ಕೇರುವ ಸದ್ದೇ ಚೆನ್ನಾಗಿರುತ್ತದೆ.

ಮಳೆಗಾಲದಲ್ಲಿ ಹಾಕಬೇಕಾದ್ದನ್ನು ನೆಟ್‌ವರ್ಕ್ ಇದ್ದಾಗಲೇ ಮೆಟಾ ಬಿಸಿನೆಸ್ ಸೂಟ್‌ನಲ್ಲಿ (ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟ ನೋಡಿಕೊಳ್ಳುವ ಮೆಟಾ ಕಂಪನಿಯ ಆ್ಯಪ್) ಮುಂಚಿತವಾಗಿ ತಾರೀಖು ಕೊಟ್ಟು ಶೆಡ್ಯೂಲ್ ಮಾಡುತ್ತೇನೆ. ಅದಕ್ಕೆ ದುಡ್ಡಿಲ್ಲ. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋದರೂ ಪೋಸ್ಟ್ ತನ್ನ ಪಾಡಿಗೆ ಹೋಗುತ್ತದೆ. ಕಮೆಂಟಿಗೆ ಉತ್ತರ ಕೊಡೋಕೆ ಮಾತ್ರ ಆಗಲ್ಲ. ಇನ್ನೊಂದು ವಿಷಯ, ಯಾವ ತಿಂಗಳ ವಿಡಿಯೊ ಅಂತ ಬರೆಯಲೇಬೇಕು. ಇಲ್ಲದಿದ್ದರೆ ಜಡಿಮಳೆಯಲ್ಲಿ ಕೊಡೆ ಹಿಡಿದುಕೊಂಡು ಕಾಫಿ ಹೂ ನೋಡಲು ಬರುತ್ತಾರೆ!

ಇದೆಲ್ಲ ಸರಿ, ಆದರೆ ಆರ್ಡರ್ ಬರುವುದು ವಾಟ್ಸಾಪ್‌ನಿಂದಲೇ. ಗ್ರೂಪ್ ಅಲ್ಲ, ಬ್ರಾಡ್‌ಕಾಸ್ಟ್ ಪಟ್ಟಿ. ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನರವರೆಗೆ, ಉತ್ತರ ನಮಗೊಬ್ಬರಿಗೇ ಬರುತ್ತದೆ. ಅವರ ಫೋನಲ್ಲಿ ನಮ್ಮ ನಂಬರ್ ಸೇವ್ ಆಗಿರದಿದ್ದರೆ ಮೆಸೇಜ್ ತಲುಪುವುದಿಲ್ಲ. ಅದಕ್ಕೇ ಪ್ಯಾಕೆಟ್ ಮೇಲೆ 'ನಂಬರ್ ಸೇವ್ ಮಾಡಿಕೊಳ್ಳಿ' ಅಂತ ಒಂದು ಸಾಲು ಅಂಟಿಸುತ್ತೇವೆ. ಮೆಸೇಜು ಇಷ್ಟೇ: 'ಸೋಮವಾರ ಹುರಿದದ್ದು. ಅರೇಬಿಕಾ, ರೋಬಸ್ಟಾ ಸಮ ಸಮ. ಚಿಕೋರಿ ಇಲ್ಲ. ಬುಧವಾರ ಕೊರಿಯರ್.' ಜೊತೆಗೆ ಬೀಜದ ಒಂದು ಫೋಟೊ. (ಅರೇಬಿಕಾ, ರೋಬಸ್ಟಾ ಕಾಫಿಯ ಎರಡು ಬಗೆ. ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ ಬೇರಿನ ಪುಡಿ.)

ಏನು ಬರೆಯಬೇಕು ಅಂತ ತಲೆ ಕೆಡಿಸಿಕೊಳ್ಳುವ ಕೆಲಸವೂ ಇಲ್ಲ. ಗಿರಾಕಿಗಳ ಪ್ರಶ್ನೆಯೇ ಕಂಟೆಂಟು. ಚಿಕೋರಿ ಎಷ್ಟು ಹಾಕಬಹುದು ಅಂತ ಒಬ್ಬರು ಕೇಳಿದರು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣ ಪ್ಯಾಕೆಟ್ ಮೇಲೆ ಇರಬೇಕು ಅಂತ ವಾಯ್ಸ್ ಮೆಸೇಜ್ ಕಳಿಸಿದೆ. ಈಗ ಯಾರು ಕೇಳಿದರೂ ಅದನ್ನೇ ಫಾರ್ವರ್ಡ್ ಮಾಡುತ್ತೇನೆ. ಕೊರತೆ ಅಂದರೆ, ಹೊಸ ಗಿರಾಕಿ ಈ ದಾರಿಯಲ್ಲಿ ಸಿಗುವುದು ಕಷ್ಟ.

ಹೊಸಬರಿಗೆ ಸೀಸನ್ ವಿಡಿಯೊ, ಹಳಬರಿಗೆ ವಾರಕ್ಕೊಂದು ವಾಟ್ಸಾಪ್ ಅಂತ ಈಗ ಹಂಚಿಕೊಂಡಿದ್ದೇನೆ. ಒಂದೇ ಮಾಡೋಕೆ ಟೈಮ್ ಇದೆ ಅನ್ನುವವರು ವಾಟ್ಸಾಪ್ ಇಟ್ಟುಕೊಳ್ಳಿ. ರೀಲ್ಸ್ ನಮ್ಮನೆಯಲ್ಲಿ ಮಗಳಿಗೆ ಕಾಲೇಜು ರಜೆ ಇದ್ದಾಗ ಮಾತ್ರ, ಅದೂ ಅವಳಿಗೆ ಮನಸ್ಸಿದ್ದರೆ.