ಕರೆಂಟ್ ಹೋದ ಮೇಲೆ ಕಣ್ಣಿಗೆ ಬಿದ್ದ ಚೂರು

ಮನೆಯ ಶೆಡ್ಡಿನಲ್ಲಿ ಸಣ್ಣ ಲೇತ್ ಅಥವಾ ಡ್ರಿಲ್ ಮೆಷಿನ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೆಷಿನ್ ತಿರುಗುವಾಗ ನಾವೆಲ್ಲ ಗಾಗಲ್ಸ್ ಹಾಕುತ್ತೇವೆ. ಸ್ವಿಚ್ ಆಫ್ ಆದ ಕೂಡಲೇ ತೆಗೆದು ಪಕ್ಕಕ್ಕಿಡುತ್ತೇವೆ. ಆಮೇಲೆ ಕೂತು ಬರ್, ಅಂದರೆ ಅಂಚಿನಲ್ಲಿ ಉಳಿದ ಲೋಹದ ಚೂಪು ಎಳೆ ತೆಗೆಯುತ್ತೇವೆ, ತೂತು ಕ್ಲೀನ್ ಮಾಡುತ್ತೇವೆ. ನನ್ನ ಎಡಗಣ್ಣಿಗೆ ಕಬ್ಬಿಣ ಹೊಕ್ಕಿದ್ದು ಆ ಹೊತ್ತಿನಲ್ಲಿ.

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತ್, ಬೆಂಚ್ ಗ್ರೈಂಡರ್, ಒಂದು ಕಂಪ್ರೆಸರ್ ಇದೆ. ಸ್ಪ್ರೇ ಪಂಪು, ವೀಡ್ ಕಟರ್, ಪಲ್ಪರ್ ಇವುಗಳ ಸಣ್ಣಪುಟ್ಟ ಪಾರ್ಟ್ ಸವೆದರೆ ಅಕ್ಕಪಕ್ಕದ ತೋಟದವರು ನನ್ನ ಹತ್ತಿರ ತರುತ್ತಾರೆ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ, ಅಲ್ವಾ.

ಕಕ್ಕಡದ ಮಳೆ, ಅಂದರೆ ಜುಲೈ-ಆಗಸ್ಟ್ ಹೊತ್ತಿನದು. ನಾಲ್ಕು ದಿನ ಬಿಡದೆ ಹೊಡೆದು ಆ ಸಂಜೆ ಸ್ವಲ್ಪ ಹೊಳವಾಗಿತ್ತು. ಪಕ್ಕದ ತೋಟದ ಅಣ್ಣ ಸ್ಪ್ರೇ ಪಂಪಿನ ಕಪ್ಲಿಂಗ್, ಅಂದರೆ ಪಂಪನ್ನು ಮೋಟಾರಿಗೆ ಜೋಡಿಸುವ ಪಾರ್ಟ್ ಹಿಡಿದುಕೊಂಡು ಬಂದರು. ಅದರ ಪಿನ್ನುಗಳು ಸವೆದು ಅರ್ಧ ಆಗಿದ್ದವು. "ನಾಳೆ ಹೀಗೇ ಹೊಳವಾದರೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೀಲೇಬೇಕು. ಇವತ್ತು ರಾತ್ರಿಯೊಳಗೆ ಮಾಡಿಕೊಡಿ" ಅಂದರು. ಶೀಘ್ರ ಸೊರಗು ರೋಗ ಬಂದರೆ ಬಳ್ಳಿ ಕೆಲವೇ ವಾರದಲ್ಲಿ ಒಣಗಿ ನಿಲ್ಲುತ್ತದೆ. ಅವರ ಅವಸರ ನನಗೆ ಅರ್ಥವಾಗಿತ್ತು.

12 ಮಿಲಿಮೀಟರ್ ದಪ್ಪದ ಆರು ಪಿನ್. ಮುಂದೆ ಬಿಚ್ಚುವಾಗ ಬೋಲ್ಟ್ ಹಾಕಿ ಎಳೆಯಲಿ ಅಂತ ಒಂದು ತುದಿಯಲ್ಲಿ ತೂತು ಕೊರೆದು ಎಂ 6 ಟ್ಯಾಪ್ ಹೊಡೆದೆ, ಅಂದರೆ ಒಳಗೆ 6 ಮಿಲಿಮೀಟರ್ ಬೋಲ್ಟಿನ ಥ್ರೆಡ್ ಮಾಡಿದೆ. ತೂತು ಆಚೆಗೆ ಹೊರಡುವುದಿಲ್ಲ, 15 ಮಿಲಿಮೀಟರ್ ಒಳಗೆ ಹೋಗಿ ನಿಲ್ಲುತ್ತದೆ. ಕೊನೆಯ ಪಿನ್ನಿಗೆ ಟ್ಯಾಪ್ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಇಲ್ಲಿ ಅದು ಹೊಸದೇನಲ್ಲ. ಉಳಿದದ್ದು ಕೈ ಕೆಲಸ ತಾನೇ ಅಂತ ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಬೆಂಚಿನ ಮುಂದೆ ಕೂತೆ. ಗಾಗಲ್ಸ್ ಮೇಲೆ ಆವಿ ಕಟ್ಟಿತ್ತು. ತೆಗೆದಿಟ್ಟೆ.

ಬರ್ ಅಂದರೆ ಏನು ಅಂತ ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ಕತ್ತರಿಸಿದ ಅಂಚಿನಲ್ಲಿ, ಕೊರೆದ ತೂತಿನ ಬಾಯಲ್ಲಿ ಲೋಹ ಹೊರಕ್ಕೆ ಮಡಚಿಕೊಂಡು ನಿಲ್ಲುವ ಚೂಪಾದ ಎಳೆ ಅದು. ಬೆರಳು ಸವರಿದರೆ ಬ್ಲೇಡಿನ ಹಾಗೆ ಕುಯ್ಯುತ್ತದೆ. ಹಾಗೇ ಬಿಟ್ಟರೆ ಪಿನ್ ಕೂರುವುದಿಲ್ಲ, ಬಲವಂತವಾಗಿ ಕೂರಿಸಿದರೆ ರಬ್ಬರ್ ಬುಷ್ ಹರಿಯುತ್ತದೆ. ಅರದಿಂದ ಅಂಚು ಸವರಿದೆ. ತೂತಿನ ಬಾಯಿಗೆ ಕೌಂಟರ್‌ಸಿಂಕ್ (ಬಾಯಿಯ ಅಂಚನ್ನು ಇಳಿಜಾರಾಗಿ ಕೊರೆಯುವ ಟೂಲು) ಇಟ್ಟು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಮೊದಲ ಥ್ರೆಡ್ಡಿನ ತುದಿಯಲ್ಲಿ ಕೂದಲಿನಷ್ಟು ತೆಳ್ಳಗಿನ ಒಂದು ಸುರುಳಿ ಎದ್ದು ಲೈಟಿಗೆ ಮಿನುಗುತ್ತಿತ್ತು. ಒಳಗೆ ಟ್ಯಾಪಿನ ಪುಡಿ ಮತ್ತು ಕಟಿಂಗ್ ಆಯಿಲ್ ಸೇರಿ ಕಪ್ಪು ಕೆಸರಿನ ಹಾಗೆ ಕೂತಿತ್ತು.

ಕರೆಂಟ್ ಇಲ್ಲದಿದ್ದರೂ ಕಂಪ್ರೆಸರ್ ಟ್ಯಾಂಕಿನಲ್ಲಿ ಗಾಳಿ ಇತ್ತು. ಮೀಟರ್ ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ತೋರಿಸುತ್ತಿತ್ತು. ಬೆಳಕು ಕಡಿಮೆ ಇದ್ದುದರಿಂದ ಪಿನ್ನನ್ನು ಮುಖದ ಹತ್ತಿರ ತಂದು, ತೂತಿನೊಳಗೆ ನೋಡುತ್ತಲೇ ಏರ್ ಗನ್ ಒತ್ತಿದೆ.

ಆಚೆಗೆ ದಾರಿಯೇ ಇಲ್ಲದ ತೂತಿಗೆ ಗಾಳಿ ಹೊಡೆದರೆ ಅದು ಎಲ್ಲಿಗೆ ಹೋಗಬೇಕು? ತಳಕ್ಕೆ ಬಡಿದು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಬರುವಾಗ ಒಳಗಿದ್ದ ಎಣ್ಣೆ, ಪುಡಿ, ಮುರಿದ ಬರ್ ಎಲ್ಲವನ್ನೂ ತಂದು ಮುಖಕ್ಕೆ ಎರಚುತ್ತದೆ. ಟಪ್ ಅಂತ ಕಣ್ಣಿಗೆ ಮಳೆಹನಿ ಬಿದ್ದಂತಾಯಿತು. ನೋವು ಜಾಸ್ತಿ ಇರಲಿಲ್ಲ. ಎಣ್ಣೆ ಅಂದುಕೊಂಡೆ. ನಲ್ಲಿ ನೀರಿನಲ್ಲಿ ತೊಳೆದು ಬಂದು ಉಳಿದ ಪಿನ್ನುಗಳನ್ನೂ ಮುಗಿಸಿಕೊಟ್ಟೆ.

ಬೆಳಗ್ಗೆ ಕಣ್ಣು ಬಿಡಲಾಗಲಿಲ್ಲ. ರೆಪ್ಪೆ ಬಡಿದಾಗಲೆಲ್ಲ ಮರಳು ಉಜ್ಜಿದ ಹಾಗೆ. ಬೆಳಕು ಕಂಡರೆ ನೀರು ಸುರಿಯುತ್ತಿತ್ತು. ಹೆಂಡತಿ "ರೀ, ಉಜ್ಜಬೇಡಿ, ಡಾಕ್ಟರ ಹತ್ತಿರ ಹೋಗೋಣ" ಅಂತ ಹೇಳುತ್ತಲೇ ಇದ್ದಳು. ಒಬ್ಬರು ಹರಳೆಣ್ಣೆ ಬಿಡಿ ಅಂದರು. ಇನ್ನೊಬ್ಬರು ಹಳೆಯ ಸ್ಪೀಕರಿನ ಮ್ಯಾಗ್ನೆಟ್ ತಂದು ಹಿಡಿದರು. ಪರಿಚಯದ ಮೆಕ್ಯಾನಿಕ್ ಒಬ್ಬರು "ಎಷ್ಟು ಜನರಿಗೆ ತೆಗೆದಿದ್ದೀನಿ" ಅಂತ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಎರಡು ಸಲ ಪ್ರಯತ್ನ ಮಾಡಿದರು. ನಾನು ಬೇಡ ಅನ್ನಲಿಲ್ಲ. ಆ ದಿನ ಹಾಗೇ ಕಳೆಯಿತು. ಮರುದಿನ ಹೊರಟರೆ ಮಡಿಕೇರಿ ರಸ್ತೆಗೆ ಮರ ಬಿದ್ದಿತ್ತು. ಕಣ್ಣಿನ ಡಾಕ್ಟರ ಮುಂದೆ ಕೂರುವಾಗ ಮಧ್ಯಾಹ್ನ.

ಅವರು ಮೊದಲು ಕೇಳಿದ್ದು, "ಸುತ್ತಿಗೆಯಲ್ಲಿ ಏನಾದರೂ ಹೊಡೀತಿದ್ರಾ?" ಲೋಹದ ಮೇಲೆ ಲೋಹ ಹೊಡೆದಾಗ ಸಿಡಿಯುವ ಚೂರಿಗೆ ಕಣ್ಣನ್ನು ತೂರಿಕೊಂಡು ಒಳಗೇ ಹೋಗುವಷ್ಟು ವೇಗ ಇರುತ್ತದಂತೆ. ಕೆಲವು ಸಲ ನೋವೂ ಗೊತ್ತಾಗುವುದಿಲ್ಲ. ಅನುಮಾನ ಇದ್ದರೆ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಎಂಆರ್‌ಐ ಮಾತ್ರ ಮಾಡುವಂತಿಲ್ಲ, ಅದರ ಮ್ಯಾಗ್ನೆಟ್ ಕಣ್ಣೊಳಗಿನ ಕಬ್ಬಿಣವನ್ನು ಎಳೆದಾಡಿಬಿಡುತ್ತದೆ. ಲೇತ್ ಕೆಲಸ ಮಾಡುವವರು ಯಾವ ಕಾರಣಕ್ಕೆ ಎಂಆರ್‌ಐಗೆ ಹೋದರೂ ತಮ್ಮ ಕೆಲಸ ಏನು, ಕಣ್ಣಿಗೆ ಯಾವಾಗಲಾದರೂ ಚೂರು ಬಿದ್ದಿತ್ತಾ ಅಂತ ಮೊದಲೇ ಹೇಳಬೇಕು. ಇದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನದು ಒಳಗೆ ಹೋಗಿರಲಿಲ್ಲ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾದಲ್ಲಿ ಚುಚ್ಚಿಕೊಂಡು ಕೂತಿತ್ತು. ಆ ಪದರದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಲೇತಿನಲ್ಲಿ ನಾವು ಒಂದು ಕಟ್‌ಗೆ ತೆಗೆಯುವಷ್ಟು. ಹಳದಿ ಬಣ್ಣದ ಡ್ರಾಪ್ಸ್ ಬಿಟ್ಟು ನೀಲಿ ಬೆಳಕು ಹಾಕಿದಾಗ ಗಾಯ ಆದ ಕಡೆಯೆಲ್ಲ ಹಸಿರಾಗಿ ಕಾಣುತ್ತದೆ. ಚೂರಿನ ಸುತ್ತ ಉದ್ದುದ್ದ ಗೀರುಗಳೂ ಇದ್ದವು. ಅದು ಬೆಂಕಿಕಡ್ಡಿಯ ಕೆಲಸ.

ಕಣ್ಣು ಮರಗಟ್ಟಿಸಿ ಸೂಜಿಯ ತುದಿಯಿಂದ ಚೂರು ಎತ್ತಿದರು. ಅಲ್ಲಿಗೆ ಮುಗಿಯಲಿಲ್ಲ. ಕಣ್ಣೀರಿನಲ್ಲಿ ನೆನೆದ ಕಬ್ಬಿಣ ಕೆಲವೇ ಗಂಟೆಗಳಲ್ಲಿ ತುಕ್ಕು ಬಿಡಲು ಶುರು ಮಾಡುತ್ತದೆ. ನನ್ನ ಕಣ್ಣಿನಲ್ಲಿ ಅದು ಎರಡು ರಾತ್ರಿ ಇತ್ತು. ಚೂರು ಹೋದ ಜಾಗದಲ್ಲಿ ಕಂದು ಬಣ್ಣದ ತುಕ್ಕಿನ ಉಂಗುರ ಉಳಿದಿತ್ತು. ಅದನ್ನು ತೆಗೆಯಲು ಪೆನ್ನಿನಷ್ಟು ದಪ್ಪದ, ಬ್ಯಾಟರಿಯಲ್ಲಿ ತಿರುಗುವ ಉಪಕರಣ ತಂದರು. ತುದಿಯಲ್ಲಿ ಪುಟ್ಟ ಗುಂಡು. ಅದಕ್ಕೂ ಬರ್ ಅಂತಲೇ ಹೆಸರು. ಗಲ್ಲ ಸ್ಟ್ಯಾಂಡಿನ ಮೇಲೆ ಒತ್ತಿ, ಉಸಿರು ಹಿಡಿದು ಕೂತಿದ್ದೆ. ನೋವಾಗಲಿಲ್ಲ. ಆದರೆ ಅದು ತಿರುಗುವ ಸದ್ದು ಹತ್ತಿರ ಹತ್ತಿರ ಬರುವುದನ್ನು ಮರೆಯಲಾರೆ. ಆಳದಲ್ಲಿದ್ದ ತುಕ್ಕನ್ನು ಆ ದಿನ ಬಿಟ್ಟು, ಎರಡು ದಿನದ ನಂತರ ಸ್ವಲ್ಪ ಮೆತ್ತಗಾದ ಮೇಲೆ ಇನ್ನೊಮ್ಮೆ ಕರೆದು ತೆಗೆದರು. ಆ ಮರಗಟ್ಟಿಸುವ ಡ್ರಾಪ್ಸನ್ನೇ ಮನೆಗೂ ಕೊಡಿ ಅಂತ ಕೇಳಿದ್ದೆ. ಕೊಡಲಿಲ್ಲ. ಪದೇ ಪದೇ ಬಿಟ್ಟರೆ ಗಾಯ ಮಾಯುವುದಿಲ್ಲ, ಕಾರ್ನಿಯಾ ಇನ್ನೂ ಹಾಳಾಗುತ್ತದೆ ಅಂದರು. ಯಾರಾದರೂ ಮೆಡಿಕಲ್‌ನಲ್ಲಿ ಕೇಳಿ ತಂದುಕೊಟ್ಟರೂ ಹಾಕಿಕೊಳ್ಳಬೇಡಿ.

ಈಗ ನಾನು ಕೆಲಸ ಮಾಡುವ ಕ್ರಮ ಬದಲಾಗಿದೆ. ಬರ್ ಬಂದ ಮೇಲೆ ತೆಗೆಯುವುದಕ್ಕಿಂತ ಬಾರದ ಹಾಗೆ ನೋಡಿಕೊಳ್ಳುತ್ತೇನೆ. ಡ್ರಿಲ್ ಆದ ಕೂಡಲೇ, ಟ್ಯಾಪ್ ಹೊಡೆಯುವ ಮೊದಲೇ ತೂತಿನ ಬಾಯಿಗೆ ಚೇಂಫರ್ ಕೊಡುತ್ತೇನೆ, ಅಂದರೆ ಅಂಚನ್ನು ಇಳಿಜಾರು ಮಾಡುತ್ತೇನೆ. ಆಗ ಮೊದಲ ಥ್ರೆಡ್ಡಿನಲ್ಲಿ ಆ ಸುರುಳಿ ಏಳುವುದು ತುಂಬಾ ಕಡಿಮೆ. ಹೊರಗಿನ ಅಂಚನ್ನು ಪಿನ್ ಇನ್ನೂ ಲೇತಿನ ಚಕ್ಕಿನ ಹಿಡಿತದಲ್ಲಿರುವಾಗಲೇ ಟೂಲಿನಲ್ಲಿ ಸವರಿ ಚೂಪು ತೆಗೆಯುತ್ತೇನೆ.

ಮುಚ್ಚಿದ ತೂತಿಗೆ ಗಾಳಿ ಹೊಡೆಯುವುದನ್ನು ಬಿಟ್ಟೇಬಿಟ್ಟೆ. ಸೂಜಿ ತೆಗೆದ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿ, ತೂತು ಕೆಳಮುಖ ಮಾಡಿ ಡಬ್ಬದೊಳಗೆ ತೊಳೆಯುತ್ತೇನೆ. ಉಳಿದದ್ದನ್ನು ಸಣ್ಣ ಬ್ರಷ್ ಹಾಕಿ ಎಳೆಯುತ್ತೇನೆ. ಗಾಳಿ ಬೇಕೇ ಬೇಕು ಅನ್ನುವವರು ರೆಗ್ಯುಲೇಟರ್ ಇಳಿಸಿ. ಅಮೆರಿಕದ ಕಾರ್ಖಾನೆ ಸುರಕ್ಷತಾ ನಿಯಮದಲ್ಲಿ ಕ್ಲೀನ್ ಮಾಡುವ ಗಾಳಿಗೆ 30 ಪಿಎಸ್‌ಐ ಒತ್ತಡದ ಮಿತಿ ಇದೆ. ನಮ್ಮ ಲೆಕ್ಕದಲ್ಲಿ ಸುಮಾರು 2 ಕೆಜಿ. ಅದೂ ಚೂರು ಸಿಡಿಯದ ಹಾಗೆ ಅಡ್ಡ ಇರಬೇಕು, ಗಾಗಲ್ಸ್ ಇರಬೇಕು. ನಾನು 6 ಕೆಜಿಯಲ್ಲಿ, ಬರಿಗಣ್ಣಲ್ಲಿ ಹೊಡೆದಿದ್ದೆ.

ಓದುವ ಕನ್ನಡಕ ಇದೆಯಲ್ಲ ಅಂತ ಸುಮ್ನೆ ಇರಬೇಡಿ. ಅದರ ಪಕ್ಕದಿಂದ, ಕೆಳಗಿನಿಂದ ಎಲ್ಲ ಬರುತ್ತದೆ. ಬದಿ ಮುಚ್ಚುವ, ಇಎನ್ 166 (ಯುರೋಪಿನದು) ಅಥವಾ ಝಡ್ 87 (ಅಮೆರಿಕದ್ದು) ಸುರಕ್ಷತಾ ಗುರುತು ಇರುವ ಗಾಗಲ್ಸ್ ತೆಗೆದುಕೊಳ್ಳಿ. ನಮ್ಮ ಕಡೆಯ ಮಳೆಗಾಲಕ್ಕೆ ಆವಿ ಕಟ್ಟದ ಲೇಪನ ಇರುವುದೇ ಬೇಕು. ಆವಿ ಕಟ್ಟುವ ಗಾಗಲ್ಸ್ ಕೊನೆಗೆ ಹಣೆಯ ಮೇಲೇ ಕೂರುತ್ತದೆ. ಕೆಲಸ ಮುಗಿದ ಮೇಲೂ ಹುಬ್ಬಿನಲ್ಲಿ, ಕೂದಲಲ್ಲಿ ಪುಡಿ ಕೂತಿರುತ್ತದೆ. ಮೊದಲು ಕೈ ತೊಳೆದು, ಹಣೆ ಒರೆಸಿ, ಕಣ್ಣು ಮುಚ್ಚಿಕೊಂಡು ಗಾಗಲ್ಸ್ ತೆಗೆಯಿರಿ.

ಮೂರು ತಿಂಗಳಾಯಿತು. ಕಣ್ಣು ಉಳಿದಿದೆ, ಓದಲು ತೊಂದರೆ ಇಲ್ಲ. ಚೂರು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಬಿದ್ದಿತ್ತು, ಅಷ್ಟೇ ಪುಣ್ಯ. ಆದರೆ ಅಲ್ಲೊಂದು ಬಿಳಿ ಚುಕ್ಕೆ ಉಳಿದಿದೆ. ರಾತ್ರಿ ಗೋಣಿಕೊಪ್ಪದಿಂದ ಬರುವಾಗ ಎದುರಿನ ಗಾಡಿಯ ಲೈಟ್ ಎಡಗಣ್ಣಿಗೆ ಒಡೆದು ಹರಡಿದಂತೆ ಕಾಣುತ್ತದೆ. ಮಂಜು ಇದ್ದರಂತೂ ಗಾಡಿ ಬದಿಗೆ ನಿಲ್ಲಿಸಿ ಅವರು ದಾಟಿ ಹೋಗುವವರೆಗೆ ಕಾಯುತ್ತೇನೆ.