ಐಸ್ ಡ್ಯಾಮ್: ಛಾವಣಿ ಬದಲಿಸಲು ಸಹಿ ಹಾಕುವ ಮೊದಲು ಅಟ್ಟ ಹತ್ತಿ ನೋಡಿ

ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್, ಮಿನ್ನೆಸೋಟದಂಥ ಹಿಮ ಬೀಳುವ ಪ್ರದೇಶಗಳಲ್ಲಿ ಹಳೆಯ ಮನೆ ಕೊಂಡಿರುವ ಅಥವಾ ಕೊಳ್ಳಲು ಹೊರಟಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಸೂರಿನಂಚಿಗೆ ಅಣೆಕಟ್ಟಿನಂತೆ ಮಂಜುಗಡ್ಡೆ ಕಟ್ಟಿ (ಇದನ್ನೇ ಐಸ್ ಡ್ಯಾಮ್ ಎನ್ನುತ್ತಾರೆ) ಮನೆಯೊಳಗೆ ನೀರು ಇಳಿದಾಗ, ಬಂದು ನೋಡಿದವರು ಛಾವಣಿಯನ್ನು ಪೂರ್ತಿ ಬದಲಿಸಬೇಕೆಂದು ಹೇಳಿದರೆ ಅಂದೇ ಒಪ್ಪಂದಕ್ಕೆ ಸಹಿ ಹಾಕಬೇಡಿ. ನಮ್ಮ ಮನೆಗೆ ಹೊಸ ಛಾವಣಿ ಬಂದ ಮೇಲೂ ಅದೇ ಗೋಡೆಯಲ್ಲಿ ನೀರು ಇಳಿಯಿತು.

ನಾವಿರುವುದು ಬಾಸ್ಟನ್‌ನ ಪಶ್ಚಿಮದ ಒಂದು ಉಪನಗರದಲ್ಲಿ. 2014-15ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 110.6 ಇಂಚು ಹಿಮ ಬಿದ್ದು ಹಳೆಯ ದಾಖಲೆ ಮುರಿಯಿತು, ಅದರಲ್ಲಿ 64.8 ಇಂಚು ಫೆಬ್ರವರಿ ತಿಂಗಳೊಂದರಲ್ಲೇ ಬಿದ್ದದ್ದು. ಆ ಫೆಬ್ರವರಿಯಲ್ಲಿ ನಮ್ಮ ಮಲಗುವ ಕೋಣೆಯ ಕಿಟಕಿಯ ಮೇಲ್ಚೌಕಟ್ಟಿನಿಂದ ನೀರು ತೊಟ್ಟಿಕ್ಕತೊಡಗಿತು, ಬಳಿಕ ಗೋಡೆಯ ಬಣ್ಣ ಉಬ್ಬಿ ಡ್ರೈವಾಲ್ (ಒಳಗೋಡೆಯ ಜಿಪ್ಸಮ್ ಹಲಗೆ) ಮೆತ್ತಗಾಯಿತು. ಆ ವಾರ ಊರಿಗೆ ಊರೇ ಛಾವಣಿ ಕೆಲಸದವರಿಗಾಗಿ ಹುಡುಕುತ್ತಿದ್ದುದರಿಂದ, ಬಾಗಿಲು ತಟ್ಟಿ ಬಂದವರೊಬ್ಬರಿಗೆ ಕೆಲಸ ಕೊಟ್ಟೆವು. ಅವರು ಕೊಡಲಿಯಿಂದ ಗಡ್ಡೆ ಕಡಿದು, ರಸ್ತೆಗೆ ಹಾಕುವ ಕಲ್ಲುಪ್ಪನ್ನು ಮೇಲೆಲ್ಲ ಎರಚಿ, ನಗದು ಪಡೆದು ಹೋದರು. ಹಿಮ ಕರಗಿದ ಮೇಲೆ ನೋಡಿದರೆ ಶಿಂಗಲ್‌ಗಳು (ಛಾವಣಿಗೆ ಹೊದಿಸುವ ತೆಳು ಹಾಳೆಗಳು) ಸೀಳಿದ್ದವು, ಸೂರಿನಂಚಿನ ನೀರಿನ ದೋಣಿ ಅಂದರೆ ಗಟರ್ ಬಾಗಿತ್ತು, ಸೂರಿನ ಕೆಳಗಿನ ಗಿಡಗಳು ಉಪ್ಪುನೀರಿಗೆ ಸುಟ್ಟಂತಾಗಿದ್ದವು. ಚಳಿಗಾಲದ ಸೋರಿಕೆ ಹೀಗೆ ವಸಂತದ ಮಳೆಯ ಸೋರಿಕೆಯೂ ಆಯಿತು.

ಎರಡನೆಯ ಗುತ್ತಿಗೆದಾರರು ಸೌಮ್ಯವಾಗಿ ಮಾತನಾಡುವವರು, ಕಾಗದಪತ್ರ ಎಲ್ಲ ಸರಿಯಿತ್ತು. ಅವರು ಹೊಸ ಛಾವಣಿ ಹಾಕಿ, ಅಂಚಿನುದ್ದಕ್ಕೂ ವಿದ್ಯುತ್ತಿನಿಂದ ಬಿಸಿಯಾಗುವ ಕೇಬಲ್ ಎಳೆದು, ಇನ್ನು ತೊಂದರೆಯಿಲ್ಲ ಎಂದರು. ಅಟ್ಟದೊಳಗೆ ಮಾತ್ರ ಅವರು ಒಮ್ಮೆಯೂ ಇಣುಕಲಿಲ್ಲ. ಮುಂದೆ ದೊಡ್ಡ ಹಿಮ ಬಿದ್ದಾಗ ಅದೇ ಜಾಗದಲ್ಲಿ ಗಡ್ಡೆ ಕಟ್ಟಿತು.

ಮಲೆನಾಡಿನ ಮನೆ ಸೋರಿದರೆ ಹೆಂಚು ಒಡೆದಿದೆಯೇ, ಜಾರಿದೆಯೇ ಎಂದು ನೋಡುತ್ತೇವೆ, ಏಕೆಂದರೆ ಅಲ್ಲಿ ದೋಷ ಮಾಡಿನಲ್ಲೇ ಇರುತ್ತದೆ. ಇಲ್ಲಿಯ ದೋಷ ಅದರ ಕೆಳಗಿರುತ್ತದೆ. ಮನೆಯನ್ನು ಬೆಚ್ಚಗಿಡಲು ನಾವು ಸುಡುವ ಗ್ಯಾಸಿನ ಬಿಸಿ ಒಳಸೀಲಿಂಗಿನ ಸಂದುಗಳಿಂದ ಅಟ್ಟಕ್ಕೆ ಏರಿ, ಛಾವಣಿಯ ಮೇಲ್ಭಾಗವನ್ನು ಕೆಳಗಿನಿಂದ ಕಾಯಿಸುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದರೂ ಹಿಮದ ತಳಪದರ ಕರಗಿ ನೀರಾಗಿ ಕೆಳಗೆ ಹರಿಯುತ್ತದೆ; ಗೋಡೆಯನ್ನು ದಾಟಿ ಹೊರಚಾಚಿದ ಸೂರಿನ ಕೆಳಗೆ ಬಿಸಿಯಿಲ್ಲವಾದ್ದರಿಂದ ಅಲ್ಲಿಗೆ ಬಂದೊಡನೆ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಬೆಳೆದ ಗಡ್ಡೆಯ ಹಿಂದೆ ಮುಂದಿನ ನೀರು ಮಡುಗಟ್ಟಿ ನಿಲ್ಲುತ್ತದೆ. ಶಿಂಗಲ್‌ಗಳು ಮೇಲಿನಿಂದ ಇಳಿಯುವ ನೀರನ್ನು ಜಾರಿಸಲು ಇರುವಂಥವು, ನಿಂತ ನೀರನ್ನು ತಡೆಯಲಾರವು. ಆದ್ದರಿಂದ ನೀರು ಅವುಗಳ ಸಂದಿನಲ್ಲಿ ಹಿಮ್ಮುಖವಾಗಿ ನುಗ್ಗುತ್ತದೆ. ಗಟರಿನಲ್ಲಿ ಕಸ ಕಟ್ಟಿಕೊಂಡಿದ್ದರಿಂದಲೇ ಹೀಗಾಯಿತು ಎಂದು ಹಲವರು ಹೇಳುತ್ತಾರೆ; ಗಟರ್ ಇಲ್ಲದ ಮನೆಗಳಲ್ಲೂ ಐಸ್ ಡ್ಯಾಮ್ ಆಗುತ್ತದೆ.

ಕೊನೆಗೆ ನಮಗೆ ದಾರಿ ಸಿಕ್ಕಿದ್ದು, ಮನೆಯ ಬಿಸಿ ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡುವ ಇಂಧನ ತಪಾಸಣೆಯಿಂದ. ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಎಂಬ ಯೋಜನೆಯಡಿ ಇದನ್ನು ಉಚಿತವಾಗಿ ಮಾಡುತ್ತಾರೆ, ಬಿಸಿ ಹೊರಹೋಗದಂತೆ ತುಂಬುವ ಇನ್ಸುಲೇಶನ್ ಖರ್ಚಿನಲ್ಲೂ ದೊಡ್ಡ ರಿಯಾಯಿತಿ ಸಿಗುತ್ತದೆ. ಮುಂಬಾಗಿಲಿಗೆ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಗೆಳೆದು, ಇನ್ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದಾಗ ಒಂದೊಂದೇ ದೋಷ ಕಾಣಿಸಿತು. ಸ್ನಾನದ ಮನೆಯ ಫ್ಯಾನಿನ ಕೊಳವೆ ಕಳಚಿ, ಬಿಸಿ ಹಬೆಯೆಲ್ಲ ನೇರವಾಗಿ ಅಟ್ಟಕ್ಕೆ ಹೋಗುತ್ತಿತ್ತು. ಚಿಮಣಿಯ ಸುತ್ತ, ಸೀಲಿಂಗಿನೊಳಗೆ ಹುದುಗಿಸಿದ ದೀಪಗಳ ಸುತ್ತ, ಅಟ್ಟಕ್ಕೆ ಹತ್ತುವ ಮುಚ್ಚಳದ ಸುತ್ತ ಗಾಳಿ ನುಸುಳುತ್ತಿತ್ತು. ಸೂರಿನ ಅಡಿಯಿಂದ ತಣ್ಣನೆಯ ಗಾಳಿ ಒಳಬರಲು ಇರುವ ಸಾಫಿಟ್ ಕಿಂಡಿಗಳಿಗೆ ಯಾರೋ ಇನ್ಸುಲೇಶನ್ ತುರುಕಿಟ್ಟಿದ್ದರು. ಛಾವಣಿ ಹಾಕಿದವರ ಲೋಪವೂ ಹೊರಬಂತು. ಶಿಂಗಲ್ ಕೆಳಗೆ ಅಂಟಿಸುವ ಜಲನಿರೋಧಕ ಹಾಳೆಯು ಹೊರಗೋಡೆಯ ರೇಖೆಯನ್ನು ದಾಟಿ ಕನಿಷ್ಠ 24 ಇಂಚು ಒಳಕ್ಕೆ ಬರಬೇಕೆಂಬುದು ಕಟ್ಟಡ ಸಂಹಿತೆಯ ನಿಯಮ. ಆ ಹಾಳೆಯ ಸುರುಳಿ ಸಾಮಾನ್ಯವಾಗಿ 36 ಇಂಚು ಅಗಲ. ನಮ್ಮ ಮನೆಯಂತೆ ಸೂರು ಉದ್ದವಾಗಿ ಚಾಚಿರುವಲ್ಲಿ ಒಂದೇ ಸಾಲು ಹಾಕಿದರೆ ಅದು ಸಾಕಾಗುವುದಿಲ್ಲ.

ಕೆಲಸದ ಕ್ರಮವೂ ಮುಖ್ಯ. ಮೊದಲು ಗಾಳಿಯ ಸಂದುಗಳನ್ನು ಮುಚ್ಚಿಸಬೇಕು, ಇನ್ಸುಲೇಶನ್ ಅದರ ನಂತರ. ಸಂದು ಮುಚ್ಚದೆ ಮೇಲೆ ಎಷ್ಟು ತುಂಬಿದರೂ ಬೆಚ್ಚನೆಯ ಗಾಳಿ ಅದರೊಳಗಿಂದಲೇ ತೂರಿ ಹೋಗುತ್ತದೆ. ಈ ಹವಾಮಾನಕ್ಕೆ ಆರ್-49ರಿಂದ ಆರ್-60 ಬೇಕು (ಆರ್ ಎಂಬುದು ಬಿಸಿ ದಾಟದಂತೆ ತಡೆಯುವ ಶಕ್ತಿಯ ಅಳತೆ), ಕಾಗದದ ನಾರಿನ ಸೆಲ್ಯುಲೋಸ್ ಆದರೆ ಸುಮಾರು 14ರಿಂದ 17 ಇಂಚು ದಪ್ಪ. ಸಾಫಿಟ್ ಕಿಂಡಿಗಳ ಬಳಿ ಗಾಳಿಗೆ ದಾರಿ ಉಳಿಸುವ ತಡೆಹಲಗೆಗಳನ್ನು ಹಾಕಿಸಬೇಕು. ಸಂದುಗಳನ್ನು ಮುಚ್ಚಿದ ಮೇಲೆ ಬಾಯ್ಲರ್ ಮತ್ತು ವಾಟರ್ ಹೀಟರಿನ ಹೊಗೆ ಸರಿಯಾಗಿ ಹೊರಹೋಗುತ್ತಿದೆಯೇ ಎಂದು ಪರೀಕ್ಷಿಸದೆ ಕೆಲಸಗಾರರನ್ನು ಕಳುಹಿಸಬೇಡಿ, ಇದು ಕಾರ್ಬನ್ ಮಾನಾಕ್ಸೈಡಿನ ವಿಷಯ. ಅಟ್ಟದಲ್ಲಿ ಬೂದು-ಕಂದು ಬಣ್ಣದ, ಪುಟ್ಟ ಕಲ್ಲುಗಳಂಥ ವರ್ಮಿಕ್ಯುಲೈಟ್ ಹರಡಿದ್ದರೆ ಮುಟ್ಟಲೇಬೇಡಿ. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಅಂಥ ವಸ್ತುವಿನಲ್ಲಿ ಆಸ್ಬೆಸ್ಟಾಸ್ ಸೇರಿತ್ತು. ನಮ್ಮ ಅಡುಗೆಮನೆಗಳಲ್ಲಿ ಹಬೆ ಹೆಚ್ಚು ಏಳುವುದರಿಂದ ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ನಿಜಕ್ಕೂ ಹೊರಗೆ ಬಿಡುತ್ತದೆಯೇ ಎಂದೂ ನೋಡಿ. ಸೋಸಿ ಮತ್ತೆ ಒಳಕ್ಕೇ ಬಿಡುವ ಬಗೆಯದಾದರೆ ಆ ತೇವ ಮನೆಯಲ್ಲೇ ಉಳಿದು, ಅಟ್ಟಕ್ಕೆ ಏರಿ, ಹಲಗೆಗಳಿಗೆ ಹಿಮವಾಗಿ ಅಂಟಿ, ಬಿಸಿಲು ಬಂದ ದಿನ ತೊಟ್ಟಿಕ್ಕುತ್ತದೆ.

ಈಗಾಗಲೇ ಗಡ್ಡೆ ಕಟ್ಟಿದ್ದರೆ ಕಡಿಮೆ ಒತ್ತಡದ ಉಗಿಯಿಂದ ಕರಗಿಸುವವರನ್ನು ಮಾತ್ರ ಕರೆಸಿ. ಕೊಡಲಿ, ಸುತ್ತಿಗೆ, ಬೆಂಕಿಯ ಟಾರ್ಚ್ ಹಿಡಿದು ಬಂದವರನ್ನು ವಾಪಸು ಕಳುಹಿಸಿ. ಕೆಲಸಕ್ಕೆ ಕರೆಸುವವರ ವಿಮಾಪತ್ರವನ್ನು ಮೊದಲೇ ಕೇಳಿ. ಯಾರೂ ಸಿಗದಿದ್ದರೆ ನೈಲಾನ್ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಗಡ್ಡೆಗೆ ಅಡ್ಡಲಾಗಿ ಇಟ್ಟರೆ ನೀರಿಗೆ ಒಂದು ಕಾಲುವೆಯಾಗುತ್ತದೆ, ಆದರೆ ಅದಕ್ಕಾಗಿ ಛಾವಣಿ ಹತ್ತುವ ಸಾಹಸ ಬೇಡ. ಹೊಸ ಹಿಮ ಬಿದ್ದಾಗಲೆಲ್ಲ ನೆಲದ ಮೇಲೆ ನಿಂತೇ, ಉದ್ದ ಹಿಡಿಕೆಯ ರೂಫ್ ರೇಕ್‌ನಿಂದ ಅಂಚಿನ ಮೂರು-ನಾಲ್ಕು ಅಡಿಯನ್ನು ಎಳೆದುಬಿಡಿ, ವಿದ್ಯುತ್ ತಂತಿಯ ಹತ್ತಿರ ಮಾತ್ರ ಹೋಗಬೇಡಿ. ಒಳಗೆ ನೀರು ಬಂದಿದ್ದರೆ ಮೊದಲು ಚಿತ್ರ ತೆಗೆದು ವಿಮಾ ಕಂಪನಿಗೆ ತಿಳಿಸಿ, ನಂತರ ಗೋಡೆ ಒಣಗಿಸಲು ಆರಂಭಿಸಿ. ಒಂದೆರಡು ದಿನ ತೇವ ನಿಂತರೆ ಬೂಸ್ಟು ಹಿಡಿಯುತ್ತದೆ.

ಮನೆ ಕೊಳ್ಳುವವರಿಗೆ ಇನ್ನೊಂದು ಮಾತು. ಹಿಮ ಬಿದ್ದ ಮರುದಿನ ಆ ಬೀದಿಗೆ ಹೋಗಿ ಬನ್ನಿ. ಅಕ್ಕಪಕ್ಕದ ಛಾವಣಿಗಳೆಲ್ಲ ಬೆಳ್ಳಗಿದ್ದು, ನೀವು ನೋಡುತ್ತಿರುವ ಮನೆಯದು ಮಾತ್ರ ಮೇಲ್ಭಾಗದಲ್ಲಿ ಬೇಗ ಕರಗಿ, ಸೂರಿನಲ್ಲಿ ದಪ್ಪ ಮಂಜಿನ ಕೋಲುಗಳು ಇಳಿಬಿದ್ದಿದ್ದರೆ, ಬೆಲೆಯ ಮಾತಿಗೆ ಮುನ್ನ ಅಟ್ಟದ ಮುಚ್ಚಳ ತೆಗೆಸಿ ಟಾರ್ಚ್ ಹಾಕಿ ನೋಡಿ.