ಬೋಟಿನ ಬಿಲ್ಜ್‌ಗೆ ಎಣ್ಣೆ ಹೀರುವ ಬಿಳಿ ಸಾಕ್ಸ್: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಟ್ರಾಲ್ ಬೋಟಿನ ಇಂಜಿನ್ ರೂಮಿನ ಹಲಗೆ ಎತ್ತಿದರೆ ತಳದಲ್ಲಿ, ಅಂದರೆ ಬಿಲ್ಜ್‌ನಲ್ಲಿ, ಕಪ್ಪು ನೀರು ಇದ್ದೇ ಇರುತ್ತದೆ. ಶಾಫ್ಟ್ ಬೋಟಿನಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಗ್ಲಾಂಡ್ ಪ್ಯಾಕಿಂಗ್‌ನಿಂದ ತೊಟ್ಟಿಕ್ಕಿದ ಉಪ್ಪುನೀರು, ಅದರ ಮೇಲೆ ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಡೀಸೆಲ್, ಗೇರ್‌ಬಾಕ್ಸ್ ಸೀಲಿನಿಂದ ಜಿನುಗಿದ ಆಯಿಲ್. ದಕ್ಕೆಗೆ ಬಂದು ಪಂಪು ಹಾಕಿದರೆ ಅಷ್ಟೂ ಬೋಟುಗಳ ಸಂದಿನ ನೀರಿಗೆ ಹೋಗುತ್ತದೆ. ಅದೇ ನೀರನ್ನು ಬಕೆಟ್‌ನಲ್ಲಿ ಎತ್ತಿ ಕ್ರೇಟು ತೊಳೆದರೆ ಬಂಗುಡೆಗೂ ಡೀಸೆಲ್ ವಾಸನೆ ಹತ್ತುತ್ತದೆ, ಆಮೇಲೆ ಹರಾಜಿನಲ್ಲಿ ರೇಟು ಸಿಗಲಿಲ್ಲ ಎಂದು ಬೈದು ಉಪಯೋಗವಿಲ್ಲ.

ಇದಕ್ಕೆ ಮಾರುಕಟ್ಟೆಯಲ್ಲಿರುವ ಮಾಲು ಪಾಲಿಪ್ರೊಪಿಲೀನ್ ನಾರಿನದು. ಮೂರು ರೂಪದಲ್ಲಿ ಬರುತ್ತದೆ: ಹಾಳೆಯಂಥ ಪ್ಯಾಡ್, ಉದ್ದ ಚೀಲದಂಥ ಸಾಕ್ಸ್, ನೀರಿನ ಮೇಲೆ ತೇಲಿಬಿಡುವ ಬೂಮ್. ಈ ವಿಮರ್ಶೆ ಒಂದು ಕಂಪನಿಯದ್ದಲ್ಲ, ಮಾಲಿನದ್ದೇ. ಬ್ರ್ಯಾಂಡ್ ಬೇರೆಯಾದರೂ ಒಳಗಿನ ನಾರು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ತೂಕದಲ್ಲಿ, ಹೊಲಿಗೆಯಲ್ಲಿ.

ಮೊದಲು ಬಣ್ಣ ನೋಡಿ. ಬಿಳಿ ಎಂದರೆ ಎಣ್ಣೆ ಮಾತ್ರ ಹೀರುವುದು. ಬೂದು ಬಣ್ಣದ್ದು ‘ಯೂನಿವರ್ಸಲ್’, ಎಣ್ಣೆಯ ಜೊತೆ ನೀರನ್ನೂ ಕುಡಿಯುತ್ತದೆ. ಹಳದಿ ಕೆಮಿಕಲ್‌ಗೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಬೂದು ಪ್ಯಾಡನ್ನು ಬಿಲ್ಜ್‌ಗೆ ಹಾಕುವುದೇ ಅತಿ ಸಾಮಾನ್ಯ ತಪ್ಪು. ಸ್ವಲ್ಪ ಹೊತ್ತಿನಲ್ಲೇ ಉಪ್ಪುನೀರು ಕುಡಿದು ತಳಕ್ಕೆ ಕೂರುತ್ತದೆ, ಎಣ್ಣೆ ಮೇಲೆ ಹಾಗೇ ತೇಲುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು: ತುಂಡೊಂದನ್ನು ಬಕೆಟ್ ನೀರಿಗೆ ಅದುಮಿ ಬಿಡಿ. ನೀರಿನ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳಬೇಕು, ತುಂಡು ಪುಟಿದು ಮೇಲೆ ಬರಬೇಕು. ಎಣ್ಣೆ ತುಂಬಿದ ಮೇಲೂ ಒಳ್ಳೆಯ ಬಿಳಿ ಪ್ಯಾಡ್ ತೇಲಿಕೊಂಡೇ ಇರುತ್ತದೆ. ಕಾಟನ್ ವೇಸ್ಟ್, ಮರದ ಹೊಟ್ಟು ಸೋಲುವುದು ಇಲ್ಲಿಯೇ: ಒಣ ನೆಲದ ಮೇಲೆ ಚೆಲ್ಲಿದ ಎಣ್ಣೆಗೆ ಅವು ಸಾಕು, ನೀರಿನ ಮೇಲಿನ ಎಣ್ಣೆಗೆ ಅಲ್ಲ.

ಎರಡನೆಯದು ತೂಕ. ಸುಮಾರು 38 × 48 ಸೆಂ.ಮೀ. ಅಳತೆಯ ದಪ್ಪ ಪ್ಯಾಡ್ 70 ಗ್ರಾಂ ಆಸುಪಾಸು ಇರುತ್ತದೆ, ಪೆಟ್ಟಿಗೆಯ ಲೆಕ್ಕದಲ್ಲಿ ಒಂದು ಲೀಟರಿನಷ್ಟು ಎಣ್ಣೆ ಹಿಡಿಯುತ್ತದೆ. ಎರಡೂವರೆ-ಮೂರು ಇಂಚು ದಪ್ಪದ, 1.2 ಮೀಟರ್ ಉದ್ದದ ಸಾಕ್ಸ್ ಮೂರು-ನಾಲ್ಕು ಲೀಟರ್. ಇವೆಲ್ಲ ಶುದ್ಧ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ ಅಳೆದ ಅಂಕಿ. ಬಿಲ್ಜ್‌ನಲ್ಲಿ ಕೆಸರು, ತುಕ್ಕು, ಗ್ರೀಸು ನಾರಿನ ಬಾಯಿ ಕಟ್ಟುವುದರಿಂದ ಅರ್ಧ ಸಿಕ್ಕಿದರೆ ಅದೃಷ್ಟ. ಹಾಗಾಗಿ ಬೆಲೆ ಹೋಲಿಸುವಾಗ ಪೆಟ್ಟಿಗೆಯ ಲೀಟರನ್ನು ಅರ್ಧ ಮಾಡಿ, ಅದರಿಂದ ರೇಟು ಭಾಗಿಸಿ. ಅನುಮಾನವಿದ್ದರೆ ತಕ್ಕಡಿ ಇದ್ದೇ ಇದೆ: ಒಣ ಪ್ಯಾಡ್ ತೂಗಿ, ಹಳೆ ಇಂಜಿನ್ ಆಯಿಲ್‌ನಲ್ಲಿ ಕಾಲು ಗಂಟೆ ನೆನೆಸಿ, ಮೂಲೆ ಹಿಡಿದೆತ್ತಿ ಅರ್ಧ ನಿಮಿಷ ಸೋರಲು ಬಿಟ್ಟು ಮತ್ತೆ ತೂಗಿ. ತನ್ನ ತೂಕದ ಹತ್ತು ಪಟ್ಟೂ ಹಿಡಿಯದ ಮಾಲು ಬೇಡ. ಮಾರುವವರು ಎಎಸ್‌ಟಿಎಂ ಎಫ್ 726 ಎಂಬ, ಎಣ್ಣೆ ಹೀರುವ ಶಕ್ತಿ ಅಳೆಯುವ ಪರೀಕ್ಷೆಯ ವರದಿ ತೋರಿಸಿದರೆ ಒಳ್ಳೆಯದು.

ಮೂರರಲ್ಲಿ ನಮ್ಮ ಬೋಟುಗಳಿಗೆ ನಿಜಕ್ಕೂ ಹೊಂದುವುದು ಸಾಕ್ಸ್. ಆದರೆ ಎಸೆದುಬಿಟ್ಟರೆ ಕೆಲಸ ಮಾಡುವ ವಸ್ತುವಲ್ಲ. ಬಿಲ್ಜ್‌ನ ಅತಿ ತಗ್ಗಿನ ಜಾಗದಲ್ಲಿ, ಪಂಪಿನ ಸಕ್ಷನ್ ಕಡೆಗೆ ನೀರು ಹರಿಯುವ ದಾರಿಗೆ ಅಡ್ಡಲಾಗಿ ಮಲಗಿಸಬೇಕು. ಎರಡೂ ತುದಿಗೆ ತೆಳು ನೈಲಾನ್ ಹಗ್ಗ ಕಟ್ಟಿ, ನೀರಿನ ಮಟ್ಟದ ಜೊತೆ ಏರಿಳಿಯುವಷ್ಟು ಮಾತ್ರ ಸಡಿಲ ಬಿಡಬೇಕು. ಸಡಿಲ ಹೆಚ್ಚಾದರೆ ಬೋಟು ಹೊಯ್ದಾಡುವಾಗ ಹಗ್ಗ ಹೋಗಿ ಶಾಫ್ಟ್ ಕಪ್ಲಿಂಗ್‌ಗೆ ಸುತ್ತಿಕೊಳ್ಳುತ್ತದೆ. ಕಟ್ಟಿದ ಮೇಲೆ ಸಾಕ್ಸನ್ನು ಕೈಯಲ್ಲಿ ಎಳೆದು ನೋಡಿ, ತಿರುಗುವ ಯಾವ ಭಾಗಕ್ಕೂ ತಲುಪಬಾರದು. ಆಟೋಮ್ಯಾಟಿಕ್ ಪಂಪ್ ಇದ್ದರೆ, ನೀರು ಏರಿದಾಗ ತೇಲಿ ಪಂಪು ಶುರುಮಾಡುವ ಫ್ಲೋಟ್ ಸ್ವಿಚ್ಚಿನಿಂದ ಒಂದು ಮೊಳವಾದರೂ ದೂರ ಇರಲಿ. ಸಾಕ್ಸ್ ಫ್ಲೋಟಿನ ಮೇಲೆ ಕೂತರೆ ಪಂಪು ಏಳುವುದೇ ಇಲ್ಲ, ಅಡಿಗೆ ಸಿಕ್ಕಿಕೊಂಡರೆ ನಿಲ್ಲುವುದೇ ಇಲ್ಲ. ನೀರಿಲ್ಲದೆ ಓಡಿದ ಪಂಪಿನ ಇಂಪೆಲ್ಲರ್ ಬೆಲೆಯ ಮುಂದೆ ಸಾಕ್ಸ್‌ನ ಬೆಲೆ ಏನೂ ಅಲ್ಲ.

ಹೊಲಿಗೆ ನೋಡಿ ಎಂದದ್ದೂ ಪಂಪಿನ ಕಾರಣಕ್ಕೇ. ಅಗ್ಗದ ಸಾಕ್ಸ್‌ನ ಹೊರಚೀಲ ತೆಳು ಬಲೆಯಂತಿರುತ್ತದೆ, ಒಳಗೆ ನಾರಿನ ಚೂರು ತುಂಬಿರುತ್ತದೆ. ಎಣ್ಣೆ ಕುಡಿದು ಭಾರವಾದ ಮೇಲೆ ಎಳೆದರೆ ಹರಿದು ಚೂರೆಲ್ಲ ಪಂಪಿನ ಸ್ಟ್ರೈನರ್‌ಗೆ, ಅಂದರೆ ಜರಡಿಗೆ, ಹೋಗಿ ಕೂರುತ್ತದೆ. ಎರಡು ಸಾಲು ಹೊಲಿಗೆ, ತುದಿಯಲ್ಲಿ ಹಗ್ಗದ ಕುಣಿಕೆ ಇದ್ದದ್ದೇ ತೆಗೆದುಕೊಳ್ಳಿ. ಬಿಚ್ಚದ ಪೆಟ್ಟಿಗೆಯನ್ನು ಡೆಕ್ಕಿನ ಮೇಲೆ ಬಿಸಿಲಿಗೆ ಇಡಬೇಡಿ. ಪಾಲಿಪ್ರೊಪಿಲೀನ್ ಬಿಸಿಲಿಗೆ ಸುಟ್ಟು ಪುಡಿಯಾಗುತ್ತದೆ, ಆಮೇಲೆ ಅದೇ ಒಂದು ಪ್ಲಾಸ್ಟಿಕ್ ಕಸ.

ಸೋಪಿನ ಮಾತು ಬೇರೆಯೇ ಹೇಳಬೇಕು. ಇಂಜಿನ್ ರೂಮ್ ತೊಳೆಯಲು ಪಾತ್ರೆ ಸೋಪು, ಬಟ್ಟೆ ಪುಡಿ, ‘ಬಿಲ್ಜ್ ಕ್ಲೀನರ್’ ಸುರಿಯುವ ಅಭ್ಯಾಸ ಇರುವ ಬೋಟಿಗೆ ಈ ಸಾಕ್ಸ್ ದಂಡ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ಬೆರೆಸುತ್ತದೆ, ನೀರು ಹಾಲು ಬಣ್ಣಕ್ಕೆ ತಿರುಗುತ್ತದೆ. ಬೆರೆತ ಎಣ್ಣೆಯನ್ನು ಯಾವ ಬಿಳಿ ನಾರೂ ಹಿಡಿಯದು. ಮೇಲೆ ಬಣ್ಣದ ಪೊರೆ ಕಾಣದ್ದರಿಂದ ‘ಕ್ಲೀನ್ ಆಯಿತು’ ಎನಿಸುತ್ತದೆ ಅಷ್ಟೇ, ಪಂಪಿನಲ್ಲಿ ಹೊರಗೆ ಹೋಗುವುದು ಅದೇ ಎಣ್ಣೆ. ಇದಲ್ಲದೆ ಗ್ರೀಸಿನ ಗಡ್ಡೆಯೂ ಸಾಕ್ಸ್‌ಗೆ ಅಂಟುತ್ತದೆಯೇ ಹೊರತು ಒಳಗೆ ಇಳಿಯದು. ಅದನ್ನು ಕರಣೆಯಲ್ಲಿ ಕೆರೆದು ಡಬ್ಬಕ್ಕೆ ಹಾಕಿದ ಮೇಲೆ ಸಾಕ್ಸ್ ಇಳಿಸಿ.

ಆಯಿಲ್ ಚೇಂಜಿಗೆ ಪ್ಯಾಡ್ ಬೇಕು, ಆದರೆ ಆಯಿಲ್ ಹೀರಲು ಅಲ್ಲ. 250 ಗಂಟೆಗೊಮ್ಮೆ ಆಯಿಲ್ ಬದಲಿಸುವ ಇಂಜಿನ್‌ಗೆ ಹತ್ತು ದಿನದ ಒಂದು ಟ್ರಿಪ್ಪು, ಅಂದರೆ 240 ಗಂಟೆ, ಮುಗಿಯುವಷ್ಟರಲ್ಲಿ ಸರದಿ ಬಂದಿರುತ್ತದೆ. ಹಳೆ ಆಯಿಲನ್ನು ಕೈಪಂಪಿನಲ್ಲಿ ಎಳೆದು ಕ್ಯಾನಿಗೆ ತುಂಬಬೇಕು. ನೀರು ಬೆರೆಯದ ಹಳೆ ಆಯಿಲ್‌ಗೆ ಬೆಲೆ ಇದೆ, ಪರವಾನಗಿ ಇರುವ ಮರುಸಂಸ್ಕರಣೆಯವರು ಕೊಳ್ಳುತ್ತಾರೆ. ಪ್ಯಾಡ್ ಇರುವುದು ಫಿಲ್ಟರ್ ಬಿಚ್ಚುವಾಗ ಕೆಳಗೆ ಹಾಸಲು, ಡ್ರೇನ್ ನಟ್ಟಿನ ಹನಿಗೆ. ಒಂದು ಸಲಕ್ಕೆ ಮೂರು-ನಾಲ್ಕು ಹಾಳೆ ಸಾಕು. ಹಿಂಡಿ ಮತ್ತೆ ಬಳಸಬಹುದು ಎನ್ನುವುದು ಸುಳ್ಳಲ್ಲ, ಆದರೆ ಪ್ರತಿ ಸಲವೂ ಹಿಡಿತ ಕುಗ್ಗುತ್ತದೆ. ಎರಡನೇ ಹಿಂಡಿನ ಆಚೆ ಹೋಗುವುದರಲ್ಲಿ ಅರ್ಥವಿಲ್ಲ. ಡೀಸೆಲ್ ಕುಡಿದ ಪ್ಯಾಡಂತೂ ಎತ್ತುವಾಗಲೇ ಸೋರುತ್ತದೆ, ಬಕೆಟನ್ನು ಪಕ್ಕದಲ್ಲೇ ಇಟ್ಟುಕೊಂಡು ಎತ್ತಿ.

ಬೂಮ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ದಕ್ಕೆಯ ಮೂಲೆಯಲ್ಲಿ, ಡೀಸೆಲ್ ಬಂಕಿನ ಮುಂದೆ, ನೀರು ನಿಂತಂತಿರುವ ಕಡೆ ಉಪಯೋಗಕ್ಕೆ ಬರುತ್ತದೆ. ನಮ್ಮ ಕರಾವಳಿಯ ಮೀನುಗಾರಿಕಾ ಬಂದರುಗಳು ಬಹುಪಾಲು ನದಿಯ ಬಾಯಲ್ಲೇ ಇವೆ. ಹರಿವು ಸೆಕೆಂಡಿಗೆ ಒಂದು ಅಡಿ ದಾಟಿತೆಂದರೆ ಎಣ್ಣೆ ಬೂಮಿನ ಅಡಿಯಿಂದ ನುಸುಳಿ ಹೋಗುತ್ತದೆ, ಇಳಿತದ ಹೊತ್ತಿನಲ್ಲಿ ಅಷ್ಟು ಸೆಳೆತ ಬರುವುದು ದೊಡ್ಡದಲ್ಲ. ಇನ್ನೊಂದು ತಮಾಷೆ: ಭರತದ ಹೊತ್ತಿಗೆ ಬಿಗಿಯಾಗಿ ಕಟ್ಟಿದ ಬೂಮ್ ಇಳಿತಕ್ಕೆ ಬಟ್ಟೆ ಒಣಹಾಕಿದ ಹಾಗೆ ಗೋಡೆಗೆ ನೇತಾಡುತ್ತದೆ.

ಈಗ ಪೆಟ್ಟಿಗೆಯ ಮೇಲೆ ಬರೆಯದ ಖರ್ಚು. ಎಣ್ಣೆ ಕುಡಿದ ಸಾಕ್ಸ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಪಂಚಾಯತಿಯ ಕಸದ ಗಾಡಿಗೆ ಹಾಕುವಂತಿಲ್ಲ, ದಡದಲ್ಲಿ ಸುಡುವಂತಿಲ್ಲ. ಘಟ್ಟ ಹತ್ತಿಸಿ ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯದ ಘಟಕಕ್ಕೋ ಸಿಮೆಂಟ್ ಕಾರ್ಖಾನೆಯ ಕುಲುಮೆಗೋ ಕಳಿಸಬೇಕು. ನಾಲ್ಕು ಸಾಕ್ಸ್‌ಗಾಗಿ ಯಾವ ಗಾಡಿಯೂ ಬರುವುದಿಲ್ಲ. ಆದ್ದರಿಂದ ಇದು ಒಬ್ಬ ಮಾಲೀಕರು ಕೊಳ್ಳುವ ಸಾಮಾನಲ್ಲ, ಸಂಘದ ಮೂಲಕ ಕೊಳ್ಳಬೇಕಾದದ್ದು: ಹೊಸದನ್ನು ಕೊಡುವ ಕಟ್ಟೆಯಲ್ಲೇ ಹಳೆಯದನ್ನು ಎಣಿಸಿ ವಾಪಸ್ ಪಡೆದು, ಮುಚ್ಚಳವಿರುವ 200 ಲೀಟರ್ ಡ್ರಮ್ಮಿಗೆ ಹಾಕಬೇಕು. ಡ್ರಮ್ಮಿನ ಮೇಲೆ ಮಾಡು, ಅಡಿಯಲ್ಲಿ ಸೋರಿದ್ದು ನಿಲ್ಲುವ ತಟ್ಟೆ ಇರಲಿ. ಮಳೆನೀರು ತುಂಬಿದ ಡ್ರಮ್ಮು ಮಗುಚಿದರೆ ಇಷ್ಟು ದಿನ ಹೀರಿದ್ದೆಲ್ಲ ಒಂದೇ ಸಲಕ್ಕೆ ಹೊಳೆಗೆ. ಇಟ್ಟುಕೊಳ್ಳಲು ನಿಯಮದಲ್ಲಿರುವ ಅವಧಿ 90 ದಿನ. ಸಾಗಣೆಯ ದರವನ್ನು ಮೊದಲೇ ವಿಚಾರಿಸಿ ಸಾಕ್ಸ್‌ನ ಬೆಲೆಗೇ ಸೇರಿಸಿ.

ಹೊಸದಾಗಿ ಶುರುಮಾಡುವುದಿದ್ದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯೇ ಸರಿ. ಬಿಲ್ಜ್ ಪೂರ್ತಿ ಖಾಲಿಮಾಡಿ, ಕೆರೆದು ಒರೆಸಿ, ಗ್ಲಾಂಡ್‌ನ ಹಳೆ ಪ್ಯಾಕಿಂಗ್ ತೆಗೆದು ಹೊಸದು ಹಾಕಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವೇ ಹನಿ ಬೀಳುವಷ್ಟು ಬಿಗಿ ಸಾಕು, ಪೂರ್ತಿ ನಿಲ್ಲಿಸಿದರೆ ಶಾಫ್ಟ್ ಕಾದು ಸವೆಯುತ್ತದೆ. ಆಗಸ್ಟಿನ ಮೊದಲ ಟ್ರಿಪ್ಪಿಗೆ ಎರಡು ಸಾಕ್ಸ್: ಒಂದು ಬಿಲ್ಜ್‌ನಲ್ಲಿ, ಒಂದು ಕೈಗೆ ಸಿಗುವಲ್ಲಿ. ವಾಪಸ್ ಬಂದಾಗ ಮೊದಲನೆಯದು ಒಳಗಿನ ತನಕ ಕಪ್ಪಾಗಿದ್ದರೆ ಮೂರನೆಯದನ್ನು ಕೊಳ್ಳುವ ಬದಲು ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ.